ಹಳೆಯ ಮಾದರಿಯ ಹೊಸ ಕಂಪ್ಯೂಟರ್: ಕೊಳ್ಳುವ ಮೊದಲು ಹೋಲಿಸುವ ಬಗೆ

ಇಡೀ ಕಂಪ್ಯೂಟರನ್ನು ಕೀಬೋರ್ಡಿನೊಳಗೇ ಅಡಗಿಸಿಟ್ಟುಕೊಂಡು, ಟಿವಿಗೆ ಜೋಡಿಸಿ ಸ್ವಿಚ್ ಒತ್ತಿದ ಕೂಡಲೇ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಿನುಗುವ ಕರ್ಸರನ್ನು ತೋರಿಸುತ್ತಿದ್ದ 1980ರ ದಶಕದ ಹೋಮ್ ಕಂಪ್ಯೂಟರುಗಳು ಕೆಲವು ವರ್ಷಗಳಿಂದ ಹೊಸ ಅವತಾರದಲ್ಲಿ ಮಾರಾಟಕ್ಕೆ ಬಂದಿವೆ. ಹವ್ಯಾಸಕ್ಕೆಂದು ಅವುಗಳಲ್ಲಿ ಒಂದನ್ನು ಕೊಳ್ಳಬಯಸುವವರು ಸಾಮಾನ್ಯವಾಗಿ ಬೆಲೆ, ವೇಗ, ಮೆಮೊರಿಗಳ ಪಟ್ಟಿ ಹಾಕಿ ಹೋಲಿಸುತ್ತಾರೆ. ಬಳ್ಳಾರಿಯಂಥ ಊರಿನಲ್ಲಿ ಆ ಪಟ್ಟಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ ಎಂಬುದು ನನ್ನ ಅನುಭವ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಯಂತ್ರದಲ್ಲಿ ಹಳೆಯದಾಗಿರುವುದು ಯಾವುದು, ಹೊರಗಿನ ಪೆಟ್ಟಿಗೆಯೋ, ಒಳಗಿನ ಚಿಪ್ಪೋ, ಅಥವಾ ಕೆಲಸ ಮಾಡುವ ಕ್ರಮವೋ?

ಪೆಟ್ಟಿಗೆ ಮಾತ್ರ ಹಳೆಯದಾಗಿದ್ದು ಒಳಗೆ ಸಂಪೂರ್ಣ ಆಧುನಿಕವಾಗಿರುವುದಕ್ಕೆ ರಾಸ್ಪ್‌ಬೆರಿ ಪೈ 400 ಒಳ್ಳೆಯ ಉದಾಹರಣೆ. 2020ರ ನವೆಂಬರಿನಲ್ಲಿ 70 ಡಾಲರಿಗೆ ಬಿಡುಗಡೆಯಾದ ಇದರಲ್ಲಿ 4 ಜಿಬಿ ಮೆಮೊರಿಯಿದೆ. 2024ರ ಡಿಸೆಂಬರಿನಲ್ಲಿ ಬಂದ ಪೈ 500ರಲ್ಲಿ 8 ಜಿಬಿ ಇದೆ. ಇವು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ನಡೆಸುವ ಪೂರ್ಣ ಪ್ರಮಾಣದ ಕಂಪ್ಯೂಟರುಗಳು. ಎರಡನೆಯ ಬಗೆ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ತಂತ್ರಾಂಶದಿಂದ ಅನುಕರಿಸುವ ಯಂತ್ರಗಳದ್ದು. ಹಳೆಯ ಕಮೊಡೋರ್ 64 ಕಂಪ್ಯೂಟರನ್ನು ಹೋಲುವ, 2019ರ ಕೊನೆಯಲ್ಲಿ ಬಂದ ಪೂರ್ಣಗಾತ್ರದ ದಿ ಸಿ64, 2024ರಲ್ಲಿ ರಬ್ಬರ್ ಕೀಲಿಗಳೊಂದಿಗೆ ಬಂದ ದಿ ಸ್ಪೆಕ್ಟ್ರಮ್ ಈ ಜಾತಿಯವು. ಒಳಗೆ ಸಣ್ಣದೊಂದು ಆರ್ಮ್ ಚಿಪ್ ಕುಳಿತು ಹಳೆಯ ಯಂತ್ರದ ವೇಷ ಹಾಕುತ್ತದೆ. ಆಟಕ್ಕೆ ಇವು ಧಾರಾಳವಾಗಿ ಸಾಕು. 2018ರ ದಿ ಸಿ64 ಮಿನಿಯಲ್ಲಿ ಮಾತ್ರ ಕೀಲಿಗಳು ಬರೀ ಅಲಂಕಾರಕ್ಕಿವೆ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು.

ಮೂರನೆಯದು ಎಫ್‌ಪಿಜಿಎ ಬಗೆ. ಬೇಕಾದ ಸರ್ಕ್ಯೂಟಿನ ರೂಪವನ್ನು ತಾಳಬಲ್ಲ ಈ ಚಿಪ್ಪಿನಲ್ಲಿ ಹಳೆಯ ಯಂತ್ರದ ಒಳರಚನೆಯನ್ನೇ ಮತ್ತೆ ಕಟ್ಟಿರುತ್ತಾರೆ. ಮೂಲ ಸ್ಪೆಕ್ಟ್ರಮ್ಮಿನ ವಿನ್ಯಾಸಕಾರ ರಿಕ್ ಡಿಕಿನ್ಸನ್ ಅವರೇ ಪೆಟ್ಟಿಗೆಯ ವಿನ್ಯಾಸ ಮಾಡಿಕೊಟ್ಟ ಸ್ಪೆಕ್ಟ್ರಮ್ ನೆಕ್ಸ್ಟ್, ಮಾರುಕಟ್ಟೆಗೆ ಬರದೇ ಉಳಿದ ಕಮೊಡೋರ್ 65ನ್ನು ಆಧರಿಸಿದ, ನಿಜವಾದ ಫ್ಲಾಪಿ ಡ್ರೈವನ್ನೂ ಇಟ್ಟುಕೊಂಡಿರುವ ಮೆಗಾ65, 2025ರಲ್ಲಿ ಪ್ರಕಟವಾದ ಕಮೊಡೋರ್ 64 ಅಲ್ಟಿಮೇಟ್ ಇವೆಲ್ಲ ಈ ಗುಂಪಿನವು. ನೆಕ್ಸ್ಟ್‌ನ ಪ್ರೊಸೆಸರನ್ನು ಮೂಲದ 3.5 ಮೆಗಾಹರ್ಟ್ಸ್‌ನಲ್ಲಿಯೂ ಓಡಿಸಬಹುದು, 28ರಲ್ಲಿಯೂ ಓಡಿಸಬಹುದು.

ನನಗೆ ಹೆಚ್ಚು ಇಷ್ಟವಾದವು ನಾಲ್ಕನೆಯ ಬಗೆಯವು: ಯಾವ ಹಳೆಯ ಯಂತ್ರದ ನಕಲೂ ಆಗಿರದೆ, ಹಳೆಯ ಕ್ರಮದಲ್ಲಿ ಹೊಸದಾಗಿ ರೂಪಿಸಿದ ಕಂಪ್ಯೂಟರುಗಳು. 65ಸಿ02 ಪ್ರೊಸೆಸರನ್ನು 8 ಮೆಗಾಹರ್ಟ್ಸ್‌ನಲ್ಲಿ ಓಡಿಸುವ ಕಮಾಂಡರ್ ಎಕ್ಸ್16 ಮತ್ತು ಇಝಡ್80 ಪ್ರೊಸೆಸರಿನ ಅಗಾನ್ ಲೈಟ್ ಇವುಗಳಲ್ಲಿ ಮುಖ್ಯವಾದವು. ಅಗಾನ್‌ನಲ್ಲಿ ಬಿಬಿಸಿ ಬೇಸಿಕ್ ಇದೆ. ಕಮೊಡೋರ್ 64ರ ನೆನಪು ಪಶ್ಚಿಮದವರದು. ನಮ್ಮಲ್ಲಿ 1984ರ ಸುಮಾರಿಗೆ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಡಿ ಆಯ್ದ ಶಾಲೆಗಳನ್ನು ತಲುಪಿದ್ದು ಇದೇ ಬಿಬಿಸಿ ಬೇಸಿಕ್ ಇದ್ದ ಬಿಬಿಸಿ ಮೈಕ್ರೋ ಕಂಪ್ಯೂಟರ್. ಆದ್ದರಿಂದ ಹಳೆಯ ಮೇಷ್ಟ್ರ ಬಳಿ ಆ ಕಾಲದ ಬೇಸಿಕ್ ಪ್ರೋಗ್ರಾಮುಗಳ ಕೈಬರಹದ ನೋಟ್‌ಬುಕ್ ಸಿಕ್ಕರೆ ಅವುಗಳಲ್ಲಿ ಹೆಚ್ಚಿನವನ್ನು ಅಗಾನ್‌ನಲ್ಲಿ ಅಲ್ಪಸ್ವಲ್ಪ ತಿದ್ದಿ ಓಡಿಸಬಹುದು.

ಬಗೆ ನಿಶ್ಚಯವಾದ ಮೇಲೆ ನೋಡಬೇಕಾದದ್ದು ಕರೆಂಟು. ಒಂದು ಕಡೆ ಶಕ್ತಿನಗರ, ಇನ್ನೊಂದು ಕಡೆ ಕುಡತಿನಿ, ಹೀಗೆ ವಿದ್ಯುತ್ ಹುಟ್ಟುವುದು ನಮ್ಮ ಮಗ್ಗುಲಲ್ಲೇ ಆದರೂ ಬೇಸಿಗೆಯ ಸಂಜೆ ಗಾಳಿ ಎದ್ದರೆ ಮನೆಯ ದೀಪ ಆರುವುದು ತಪ್ಪಿಲ್ಲ. ಅಂಥದೇ ಏಪ್ರಿಲ್ ಸಂಜೆಯೊಂದರಲ್ಲಿ ನನ್ನ ಪೈ 400 ಕಾರ್ಡಿಗೆ ಏನನ್ನೋ ಬರೆಯುತ್ತಿದ್ದಾಗಲೇ ಕರೆಂಟು ಹೋಗಿ, ಮರಳಿ ಬಂದಾಗ ಅದು ಬೂಟ್ ಆಗಲೇ ಇಲ್ಲ. ಎಸ್‌ಡಿ ಕಾರ್ಡನ್ನು ಮತ್ತೆ ಮೊದಲಿನಿಂದ ಸಿದ್ಧಪಡಿಸಬೇಕಾಯಿತು, ಮೂರು ವಾರದ ಕೆಲಸ ನೀರಿನಲ್ಲಿ ಹೋಮವಾಯಿತು. ಲಿನಕ್ಸ್ ನಡೆಸುವ ಯಂತ್ರವನ್ನು ಕ್ರಮವಾಗಿ ಮುಚ್ಚಿಯೇ ಆರಿಸಬೇಕು. ಅಗಾನ್, ಎಕ್ಸ್16ಗಳಲ್ಲಿ ಹಾಗಿಲ್ಲ. ಫೈಲ್ ಉಳಿಸುವ ಆ ಒಂದು ಕ್ಷಣವನ್ನು ಬಿಟ್ಟರೆ ಯಾವಾಗ ಬೇಕಾದರೂ ಸ್ವಿಚ್ ಆರಿಸಬಹುದು, ಮತ್ತೆ ಹಾಕಿದರೆ ಕೆಲವೇ ಸೆಕೆಂಡುಗಳಲ್ಲಿ ಕರ್ಸರ್ ಕಣ್ಣೆದುರಿಗಿರುತ್ತದೆ. ಪೈ ಕೊಳ್ಳುವವರು ಚಿಕ್ಕ ಯುಪಿಎಸ್‌ನ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡೇ ಹೋಲಿಸಬೇಕು. ಪೈ 400ಕ್ಕೆ 5 ವೋಲ್ಟಿನ 3 ಆಂಪಿಯರ್ ಅಡಾಪ್ಟರ್ ಸಾಕು, ಪೈ 500ಕ್ಕೆ 5 ಆಂಪಿಯರಿನದು ಬೇಕೆಂದು ತಯಾರಕರು ಸೂಚಿಸುತ್ತಾರೆ. ಮನೆಯಲ್ಲಿರುವ ಫೋನ್ ಚಾರ್ಜರಿನಿಂದ ಕೆಲಸ ಸಾಗಿಸಲು ಹೋಗಬಾರದು.

ಧೂಳಿನ ವಿಷಯ ಸಣ್ಣದೆನಿಸಬಹುದು. ಅದಿರು ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಯಲ್ಲಿ ಕೆಂಪು ಧೂಳು ಎರಡೇ ದಿನದಲ್ಲಿ ಕೀಲಿಗಳ ಸಂದಿಗೆ ಇಳಿಯುತ್ತದೆ. ಕಂಪ್ಯೂಟರೇ ಕೀಬೋರ್ಡಿನೊಳಗಿದ್ದಾಗ ಕೀಲಿ ಕೆಟ್ಟರೆ ಇಡೀ ಯಂತ್ರವನ್ನೇ ಬಿಚ್ಚಬೇಕಾಗುತ್ತದೆ. ಪ್ರತ್ಯೇಕ ಕೀಬೋರ್ಡ್ ಜೋಡಿಸುವ ಅಗಾನ್‌ನಂಥ ಬೋರ್ಡಿನಲ್ಲಿ ಕೀಬೋರ್ಡನ್ನಷ್ಟೇ ಬದಲಿಸಿದರೆ ಆಯಿತು. ನನ್ನ ಪೈಗೆ ಜೀನ್ಸ್ ಹೊಲಿಯುವ ನೆರೆಯವರೊಬ್ಬರು ಉಳಿದ ತುಂಡು ಬಟ್ಟೆಯಲ್ಲಿ ಗವಸು ಹೊಲಿದುಕೊಟ್ಟರು. ಜೇಬನ್ನೂ ಹಾಗೆಯೇ ಉಳಿಸಿದ್ದರಿಂದ ಎಸ್‌ಡಿ ಕಾರ್ಡುಗಳಿಗೊಂದು ಜಾಗವಾಯಿತು.

ಪರದೆಯನ್ನೂ ಮೊದಲೇ ಯೋಚಿಸಿರಬೇಕು. ಎಕ್ಸ್16, ಅಗಾನ್ ಲೈಟ್ ಎರಡೂ ವಿಜಿಎ ಸಂಕೇತ ಕೊಡುತ್ತವೆ, ಎಚ್‌ಡಿಎಂಐ ಇಲ್ಲ. ಕಚೇರಿಗಳು ವಿಲೇವಾರಿ ಮಾಡಿದ ಹಳೆಯ ವಿಜಿಎ ಮಾನಿಟರ್ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಸಿಕ್ಕರೆ ಅದೇ ಇವುಗಳಿಗೆ ಸರಿಯಾದ ಜೋಡಿ.

ಕನ್ನಡದ ಮಟ್ಟಿಗೆ ಹೋಲಿಕೆ ಸ್ವಾರಸ್ಯಕರವಾಗುವುದು ಇಲ್ಲಿ. ಪೈನಲ್ಲಿ ಯೂನಿಕೋಡ್ ಕನ್ನಡ ಬೇರೆ ಲಿನಕ್ಸಿನಲ್ಲಿ ಬರುವಂತೆಯೇ ಬರುತ್ತದೆ. ಎಂಟು ಬಿಟ್ ಯಂತ್ರದಲ್ಲಿ ಅಕ್ಷರವನ್ನು ನೀವೇ ಕೆತ್ತಬೇಕು. ಒಂದು ಅಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ. ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕಟ್ಟಿ, ಬೆಳಗಬೇಕಾದ ಚುಕ್ಕೆಗಳನ್ನು ಕೂಡಿಸಿದರೆ ಆ ಸಾಲಿನ ಸಂಖ್ಯೆ ಬರುತ್ತದೆ. ಬಿಬಿಸಿ ಬೇಸಿಕ್‌ನಲ್ಲಿ ವಿಡಿಯು (VDU) 23,224,60,66,129,129,129,129,66,60 ಎಂದು ಕೊಟ್ಟು, ಆಮೇಲೆ ವಿಡಿಯು 224 ಎಂದರೆ ಪರದೆಯ ಮೇಲೆ ಬಳೆಯಂಥ ಕನ್ನಡದ ಸೊನ್ನೆ ಮೂಡುತ್ತದೆ. ನಡುವಿನ ಎರಡು 129ಗಳನ್ನು 153 ಮಾಡಿದರೆ ಒಳಗೆ ಬೊಟ್ಟು ಬಂದು ಅದು ಠ ಆಗಲು ಹವಣಿಸುತ್ತದೆ, ಆದರೆ ತಲೆಕಟ್ಟಿಗೆ ಜಾಗವಿಲ್ಲ. ಒತ್ತಕ್ಷರದ ಮಾತಂತೂ ಬೇಡ. ಅಕ್ಷರವೊಂದಕ್ಕೆ ನಾಲ್ಕು ಮನೆಗಳನ್ನು ಸೇರಿಸಿ 16×16 ಚುಕ್ಕೆ ಬಳಸಿದರೆ ಮಾತ್ರ ಓದಲು ಬರುತ್ತದೆ. ಮಕ್ಕಳಿಗೆ ದ್ವಿಮಾನ ಸಂಖ್ಯೆಯನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಇದೇ ಕೆಲಸವನ್ನು ಕಮೊಡೋರ್ 64ರ ಮೂಲ ಬೇಸಿಕ್‌ನಲ್ಲಿ ಮಾಡಲು ಹೋದರೆ ಚಿತ್ರದ ಆಜ್ಞೆಗಳೇ ಇಲ್ಲದ್ದರಿಂದ ಮೆಮೊರಿಗೆ ನೇರವಾಗಿ ಸಂಖ್ಯೆ ಬರೆಯುವ ಪೋಕ್ ಆಜ್ಞೆಗಳ ರಾಶಿಯಲ್ಲಿ ತಾಳ್ಮೆ ಕರಗುತ್ತದೆ. ಮೆಗಾ65ರ ಬೇಸಿಕ್ ಈ ಕೊರತೆಯನ್ನು ನೀಗಿಸಿದೆ.

ಹಣದ ಲೆಕ್ಕಕ್ಕೆ ಬಂದರೆ, ಪೈ ನಮ್ಮ ದೇಶದ ಅಧಿಕೃತ ಮಾರಾಟಗಾರರಲ್ಲಿ ಸಿಗುತ್ತದೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಹೊರದೇಶದಿಂದ ತರಿಸಬೇಕು. 2025ರಲ್ಲಿ 299 ಡಾಲರಿನಿಂದ ಶುರುವಾಗಿದ್ದ ಕಮೊಡೋರ್ 64 ಅಲ್ಟಿಮೇಟ್‌ಗೆ ಸಾಗಣೆ ವೆಚ್ಚ, ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ ಸೇರಿದರೆ ಬಿಲ್ಲು ಎಲ್ಲಿಗೆ ಮುಟ್ಟುತ್ತದೆಂದು ಆರ್ಡರ್ ಮಾಡುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಕೆಟ್ಟರೆ ರಿಪೇರಿಗೆ ಮರಳಿ ಕಳಿಸುವ ಖರ್ಚು ಬೇರೆ.

ಆದ್ದರಿಂದ ಮೊದಲ ಯಂತ್ರವಾಗಿ ಇವುಗಳಲ್ಲಿ ಯಾವುದನ್ನೂ ನಾನು ಸೂಚಿಸುವುದಿಲ್ಲ. 2021ರಲ್ಲಿ 4 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೋ ಬೋರ್ಡಿಗೆ ಪಿಕೋಮೈಟ್ ವಿಜಿಎ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ಕೆಲವು ರೆಸಿಸ್ಟರು, ಒಂದು ವಿಜಿಎ ಸಾಕೆಟ್, ಹಳೆಯ ಪಿಎಸ್/2 ಕೀಬೋರ್ಡ್ ಜೋಡಿಸಿದರೆ ಎಂಎಂಬೇಸಿಕ್ ನಡೆಸುವ ಪುಟ್ಟ ಕಂಪ್ಯೂಟರ್ ಸಿದ್ಧವಾಗುತ್ತದೆ. ರೆಸಿಸ್ಟರುಗಳು ಟಿವಿ ರಿಪೇರಿಯವರ ಬಳಿಯೇ ಸಿಗುತ್ತವೆ. ಬೆಸುಗೆ ಬಾರದಿದ್ದರೆ ಅವರೇ ಹಾಕಿಕೊಟ್ಟಾರು. ದುಬಾರಿ ಯಂತ್ರದ ಮೇಲೆ ಮನಸ್ಸಿದ್ದವರು ಅದರ ಎಮ್ಯುಲೇಟರನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ತಿಂಗಳು ಬಳಸಿ ನೋಡಲಿ. ಎಕ್ಸ್16ರ ಎಮ್ಯುಲೇಟರನ್ನು ಅದನ್ನು ರೂಪಿಸಿದವರೇ ಉಚಿತವಾಗಿ ಕೊಡುತ್ತಾರೆ. ಆ ತಿಂಗಳಲ್ಲಿ ಬೇರೆಯವರ ಆಟಗಳನ್ನಷ್ಟೇ ಆಡಿದ್ದರೆ ದಿ ಸಿ64 ಸಾಕು. ಸ್ವಂತದ ನೂರು ಸಾಲಿನ ಪ್ರೋಗ್ರಾಂ ಒಂದು ಮುಗಿದಿದ್ದರೆ ಎಕ್ಸ್16 ಅಥವಾ ಅಗಾನ್‌ಗೆ ಹಣ ಹೊಂದಿಸತೊಡಗಬಹುದು.