ಆರು ಮೀನು ಎಣಿಸಿ ತೀರ್ಪು ಕೊಡಬೇಡಿ

ಕಾರವಾರದ ಬೈತಕೋಲ ಬಂದರಿನಲ್ಲಿ 200 ಮೀನು, ಬೇಲೆಕೇರಿಯಲ್ಲಿ ಬರೀ 6 ಮೀನು. ಇಷ್ಟು ಎಣಿಸಿಕೊಂಡು ಬಂದ ಹುಡುಗನೊಬ್ಬ 'ಬೇಲೆಕೇರಿಯಲ್ಲಿ ಒಂದೆರಡು ಜಾತಿಯದ್ದೇ ಕಾರುಬಾರು' ಎಂದು ಪ್ರಾಜೆಕ್ಟ್‌ನಲ್ಲಿ ಬರೆದಿದ್ದ. ಬೇಲೆಕೇರಿಯದ್ದೇನೂ ತಪ್ಪಿರಲಿಲ್ಲ. ಲೆಕ್ಕ ತಪ್ಪಿತ್ತು.

ಒಂದು ಬಂದರಿನಲ್ಲಿ ಒಂದೆರಡು ಜಾತಿಯದ್ದೇ ಕಾರುಬಾರಾ ಅಂತ ಒಂದು ಸಂಖ್ಯೆಯಲ್ಲಿ ಅಳೆಯಲು, ಮೊದಲು ಮೀನು ಎಣಿಸಿ. ಒಂದೇ ಬುಟ್ಟಿಯಿಂದ ಬೇಡ. ಬಂಗಡೆ ಹಿಂಡಾಗಿ ಬಲೆಗೆ ಬೀಳುತ್ತದೆ, ಬುಟ್ಟಿ ತುಂಬಾ ಅದೇ ಇರುತ್ತದೆ. ಬೇರೆ ಬೇರೆ ದೋಣಿಯ ಬುಟ್ಟಿಗಳಿಂದ ನೋಡದೆ ಒಂದೊಂದು ಎತ್ತಿ.

ಆಮೇಲೆ ಪ್ರತಿ ಜಾತಿಯ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿಸಿ. ಅರ್ಥಶಾಸ್ತ್ರದವರಿಗೆ ಇದು ಹರ್ಫಿಂಡಾಲ್ ಸೂಚ್ಯಂಕ, ಜೀವಶಾಸ್ತ್ರದವರಿಗೆ ಸಿಂಪ್ಸನ್ ಸೂಚ್ಯಂಕ. ಒಂದೇ ಜಾತಿಯಾದರೆ 1, ಐದು ಜಾತಿ ಸಮಪಾಲಾದರೆ 0.2. ಉತ್ತರ ಹೆಚ್ಚಾದಷ್ಟೂ ಒಂದೆರಡು ಜಾತಿಯದ್ದೇ ಕಾರುಬಾರು.

ಎಡವುವುದು ಇಲ್ಲೇ. ಐದು ಜಾತಿ ಸಮಸಮ ಇರುವ ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ಒಂದೇ ಮೀನು ಎತ್ತಿ ನೋಡಿ. ಉತ್ತರ 1! ಕಡಲಲ್ಲಿ ಬೇರೆ ಮೀನೇ ಇಲ್ಲ ಅಂದ ಹಾಗಾಯ್ತು, ಅಲ್ವಾ? ನಾಲ್ಕು ನಾಲ್ಕರಂತೆ ಹಲವು ಸಲ ಎತ್ತಿದರೆ ಸರಾಸರಿ 0.4, ಹತ್ತಕ್ಕೆ 0.28, ನೂರಕ್ಕೆ 0.208. ಸರಾಸರಿ ನಿಜವಾದ 0.2ಕ್ಕಿಂತ ಮೇಲಕ್ಕೇ ವಾಲುತ್ತದೆ. ಯಾಕೆಂದರೆ ಈ ಲೆಕ್ಕ ಪ್ರತಿ ಮೀನನ್ನೂ ಅದರ ಜೊತೆಗೇ ಜೋಡಿ ಮಾಡಿ 'ಎರಡೂ ಒಂದೇ ಜಾತಿ' ಎನ್ನುತ್ತದೆ. ನಾಲ್ಕು ಮೀನಿನ 16 ಜೋಡಿಗಳಲ್ಲಿ 4 ಇಂಥ ಸುಳ್ಳು ಜೋಡಿ. ನೂರು ಮೀನಿನ 10,000ದಲ್ಲಿ ಬರೀ 100.

ಅವನ್ನು ಕಿತ್ತು ಹಾಕುವ ದಾರಿಯನ್ನು ಸಂಖ್ಯಾಶಾಸ್ತ್ರಜ್ಞ ಸಿಂಪ್ಸನ್ 1949ರಲ್ಲೇ ಬರೆದಿಟ್ಟಿದ್ದಾರೆ. ಪ್ರತಿ ಎಣಿಕೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಕೂಡಿಸಿ. ಒಟ್ಟು ಎಣಿಕೆಯನ್ನೂ ಹಾಗೇ ಗುಣಿಸಿ, ಅದರಿಂದ ಭಾಗಿಸಿ. ಬಂಗಡೆ 3, ತಾರ್ಲೆ 2, ಸೀಗಡಿ 1 ಇದ್ದರೆ ಹಳೆ ಲೆಕ್ಕ 14/36, ಅಂದರೆ 0.39. ಹೊಸದು 6+2+0, ಅಂದರೆ 8. ಅದನ್ನು 6×5, ಅಂದರೆ 30ರಿಂದ ಭಾಗಿಸಿದರೆ 0.27. 200 ಮೀನಿನಲ್ಲಿ ಈ ವ್ಯತ್ಯಾಸ 0.005 ದಾಟುವುದಿಲ್ಲ.

ಶೇಕಡಾ ಮಾತ್ರ ಕೇಳುವ ಮೊಬೈಲ್ ಕ್ಯಾಲ್ಕುಲೇಟರ್‌ಗಳನ್ನು ನಂಬಬೇಡಿ. ಎಷ್ಟು ಎಣಿಸಿದಿರಿ ಅಂತ ಕೇಳದಿದ್ದವು ತಿದ್ದುವುದಾದರೂ ಹೇಗೆ? ಕಿಲೋ ಲೆಕ್ಕವನ್ನೂ ಇದಕ್ಕೆ ತುರುಕಬೇಡಿ. ಅದನ್ನೇ ಗ್ರಾಂನಲ್ಲಿ ಬರೆದರೆ ಉತ್ತರ ಬದಲಾಗುತ್ತದೆ. ತಿದ್ದಿದ ಮೇಲೂ 6 ಮೀನಿನ ಉತ್ತರ ಸಿಕ್ಕಾಪಟ್ಟೆ ಜಿಗಿದಾಡುತ್ತದೆ. ವಾಲುವುದು ನಿಂತಿರುತ್ತದೆ, ಅಷ್ಟೇ. ಮೂವತ್ತಕ್ಕಿಂತ ಕಡಿಮೆ ಇದ್ದರೆ ನಾನಂತೂ ಹೋಲಿಸಲು ಬಿಡುವುದಿಲ್ಲ.

ತಿಂಗಳುವಾರು ಗ್ರಾಫ್ ಹಾಕುವವರು ಇನ್ನೂ ಜಾಗ್ರತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಧಕ್ಕೆಯಲ್ಲಿ ಎಣಿಸಲು ಸಿಗುವುದೇ ಕಡಿಮೆ. ತಿದ್ದದೆ ಬರೆದರೆ, ಜಾತಿಗಳ ಪಾಲು ಚೂರೂ ಬದಲಾಗದಿದ್ದರೂ ಮಳೆಗಾಲಕ್ಕೊಂದು ಗುಡ್ಡ ಎದ್ದು ನಿಲ್ಲುತ್ತದೆ.