ಗೋವಾದ ಸೆಕಿಯೊಳಗ ಮನ್ಯಾಗ ದ್ರಾಕ್ಷಿ ವೈನ್ ಮಾಡೋದು ಹೆಂಗ

ಫೆಬ್ರವರಿ ಮುಗಿಯೋದ್ರಾಗ ಮಡಗಾಂವ್ ಮಾರ್ಕೆಟ್ನ್ಯಾಗ ವಿಜಯಪುರ, ಸಾಂಗ್ಲಿ ಕಡಿ ದ್ರಾಕ್ಷಿ ಸೋವಿ ಆಗತಾವ, ವೈನ್ ಹಾಕಾಕ ಅದ ಸರಿಯಾದ ಟೈಮ್. ಕ್ರಿಸ್‌ಮಸ್‌ಗೆ ಬಾಜೂ ಮನಿ ಆಂಟಿ ಕೊಟ್ಟ ವೈನ್ ಕುಡದು ಮರುದಿನನ ಹುರುಪಿನ್ಯಾಗ ದ್ರಾಕ್ಷಿ ತರಾಕ ಹೋದ್ರ ಹುಳಿ ಮಾಲು, ಡಬಲ್ ರೇಟು.

ಕರೀ ದ್ರಾಕ್ಷಿ 2 ಕೆಜಿ ತಗೋರಿ, ಬಣ್ಣ ಬರೋದು ಸಿಪ್ಪಿಯಿಂದ, ತಿರುಳಿನಿಂದ ಅಲ್ಲ. ಉಪ್ಪುನೀರಾಗ ತೊಳದು, ಬಟ್ಟಿ ಮ್ಯಾಲ ಹರವಿ ಪೂರ್ತಿ ಒಣಗಸ್ರಿ. ಕೊಳತಿದ್ದು, ತೊಟ್ಟು ಎಲ್ಲಾ ತಗೀರಿ, ತೊಟ್ಟು ಬಿಟ್ರ ಒಗರು ಬರತೈತಿ. ಕೈಲೆ ಹಿಚಕ್ರಿ, ಮಿಕ್ಸಿ ಬ್ಯಾಡ, ರಾಡಿ ಆಗಿ ಆಮ್ಯಾಲ ತಿಳಿನ ಆಗಂಗಿಲ್ಲ.

5 ಲೀಟರ್ ಭರಣಿ ಕುದಿಯೋ ನೀರಾಗ ತೊಳದು ಒಣಗಿಸಿ ಹಿಚಕಿದ ದ್ರಾಕ್ಷಿ ಹಾಕ್ರಿ, ಜೋಡಿ ಕುದಿಸಿ ಆರಿಸಿದ ಅರ್ಧ ಲೀಟರ್ ನೀರು, 200 ಗ್ರಾಂ ಸಕ್ಕರಿ. ಭಾಳ ಮಂದಿ ದ್ರಾಕ್ಷಿ ಎಷ್ಟೋ ಸಕ್ಕರಿನೂ ಅಷ್ಟ ಅಂತಾರ, ಅದು ಪಾನಕ ಆಗತೈತಿ. ಲೆಕ್ಕ ಏನಂದ್ರ ಒಂದು ಲೀಟರ್ ರಸದಾಗ ಸುಮಾರು 17 ಗ್ರಾಂ ಸಕ್ಕರಿ ಕರಗಿ ಹುದುಗಿದ್ರ 1 ಪರ್ಸೆಂಟ್ ಆಲ್ಕೋಹಾಲ್, ದ್ರಾಕ್ಷಿಯೊಳಗಿಂದೂ ಕೂಡಿಸಿ 12-13ಕ್ಕ ಹೋಗತೈತಿ, ಸಾಕು. ವೈನ್ ಈಸ್ಟ್ ಸಿಕ್ಕರ ಚಲೋ, ಇಲ್ಲಂದ್ರ ಬ್ರೆಡ್‌ಗೆ ಹಾಕೋ ಡ್ರೈ ಈಸ್ಟ್ ಅರ್ಧ ಚಮಚ ಉಗುರುಬೆಚ್ಚಗಿನ ನೀರಾಗ ನೊರಿ ಬರೋಮಟ ನೆನಸಿ ಹಾಕ್ರಿ. ಗೋಧಿ, ಲವಂಗ, ಚಕ್ಕಿ ನಾ ಹಾಕಂಗಿಲ್ಲ, ದ್ರಾಕ್ಷಿ ರುಚಿ ಬೇಕಂದ್ರ ನೀವೂ ಬಿಡ್ರಿ.

ಹೊಸಬರು ಕೇಳೋದೆಲ್ಲಾ ಸಕ್ಕರಿ, ಈಸ್ಟ್ ಬಗ್ಗೆನ, ಆದ್ರ ಕೆಡೋದು ಗಾಳಿಯಿಂದ. ಮೊದಲ 5-6 ದಿನ ಮಾತ್ರ ಗಾಳಿ ಬೇಕು, ಬಾಯಿಗೆ ತೆಳು ಬಟ್ಟಿ ಕಟ್ರಿ ಸಾಕು, ಮುಚ್ಚಳ ಬಿಗಿ ಮಾಡಿದ್ರ ಗ್ಯಾಸ್ ತುಂಬಿ ಒಡೀತೈತಿ. ಸಿಪ್ಪಿ ಮ್ಯಾಲ ತೇಲಿ ದಪ್ಪ ಕೆನಿ ಹಂಗ ಕುಂದರತಾವ, ಕಿವಿ ಹಚ್ಚಿದ್ರ ಚುರ್ ಅಂತ ಸಪ್ಪಳ. ದಿನಕ್ಕ ಎರಡ ಸಲ ಒಣಾ ಸೌಟಿಲೆ ಅದನ್ನ ಕೆಳಗ ಒತ್ರಿ, ಒತ್ತಲಿಲ್ಲಂದ್ರ ಅಲ್ಲೇ ಬೂಸು ಹಿಡೀತೈತಿ. ಇಲ್ಲಿ ಸೆಕಿಗೆ ಭರಣಿನ ನೀರಿನ ಟಬ್ಬಿನ್ಯಾಗ ಇಟ್ಟು ಸುತ್ತ ಹಸಿ ಟಾವೆಲ್ ಸುತ್ರಿ, 30 ಡಿಗ್ರಿ ದಾಟಿದ್ರ ವಾಸನಿ ಕೆಡತೈತಿ.

ಆರನೇ ದಿನಕ್ಕ ಸಪ್ಪಳ ಕಮ್ಮಿ ಆದ ಮ್ಯಾಲ ಬಟ್ಟಿಲೆ ಸೋಸಿ ಗಾಜಿನ ಬಾಟ್ಲಿಗೆ ಕುತ್ತಿಗಿತನ ತುಂಬ್ರಿ. ಇಲ್ಲಿಂದ ಗಾಳಿ ವೈರಿ. ಮೆಡಿಕಲ್‌ನ್ಯಾಗ ಸಿಗೋ ಸಲೈನ್ ನಳಗಿ ತಗೊಂಡು ಒಂದ ತುದಿ ಮುಚ್ಚಳದ ತೂತಿನ್ಯಾಗ, ಇನ್ನೊಂದ ತುದಿ ಗ್ಲಾಸಿನ ನೀರಾಗ ಮುಳುಗಿಸ್ರಿ. ಮುಚ್ಚಳದ ತೂತು ಸುತ್ತ ಮೇಣ ಹಚ್ಚೋದು ಮರೀಬ್ಯಾಡ್ರಿ. ಗ್ಯಾಸ್ ಗುಳುಗುಳು ಅಂತ ಹೊರಗ ಹೋಗತೈತಿ, ಗಾಳಿ ಒಳಗ ಬರಂಗಿಲ್ಲ. ಗುಳ್ಳಿ ನಿಂತು ತಳಕ್ಕ ರಾಡಿ ಕುಂತ ಮ್ಯಾಲ ಅದೇ ನಳಗಿಲೆ ಮ್ಯಾಲಿನ ತಿಳಿ ಬ್ಯಾರೆ ಬಾಟ್ಲಿಗೆ ಎಳಕೋರಿ, ತಳ ಕದಡಬ್ಯಾಡ್ರಿ. ತಿಂಗಳ ಬಿಟ್ಟು ಮತ್ತೊಮ್ಮೆ.

ಮುಗದೈತೋ ಇಲ್ಲೋ ನೋಡಾಕ ಸ್ವಲ್ಪ ವೈನ್ ಕೋಲ್ಡ್‌ಡ್ರಿಂಕ್ ಪ್ಲಾಸ್ಟಿಕ್ ಬಾಟ್ಲಿಗೆ ಹಾಕಿ ಬಿಗಿಮಾಡಿ ಎರಡ ದಿನ ಇಡ್ರಿ, ಬಾಟ್ಲಿ ಬಿರುಸಾದ್ರ ಇನ್ನೂ ಹುದಗಲಿಕ್ಕತ್ತೈತಿ, ಗಾಜಿನ ಬಾಟ್ಲಿ ಬಿಗಿ ಮಾಡಬ್ಯಾಡ್ರಿ.

ಹುಳಿ ಹಿಡೀತಂದ್ರ ಚೆಲ್ಲಬ್ಯಾಡ್ರಿ, ವಿನೆಗರ್ ಆಗತೈತಿ, ವಿಂದಾಲೂ (ವಿನೆಗರ್ ಹಾಕಿ ಮಾಡೋ ಗೋವಾದ ಖಾರ ಮಾಂಸದ ಸಾರು) ಮಾಡೋರಿಗೆ ಕೊಡ್ರಿ. ಹಸರು, ಕರಿ ಬೂಸು ಬಂದ್ರ ಮಾತ್ರ ಸೀದಾ ಚರಂಡಿಗೆ. ಇನ್ನ ಇದನ್ನ ಕಾಯಿಸಿ ಭಟ್ಟಿ ಇಳಸೋ ಹುಚ್ಚು ಬ್ಯಾಡ, ಅದು ಜೀವಕ್ಕ ಅಪಾಯ, ಕಾನೂನಿಗೂ ವಿರುದ್ಧ. ಲೈಸೆನ್ಸ್ ಇಲ್ಲದ ಮಾರೋದೂ ಬ್ಯಾಡ. ಊರಿಗೆ ಒಯ್ಯೋ ವಿಚಾರನೂ ಬಿಡ್ರಿ, ಗೋವಾ-ಕರ್ನಾಟಕ ಗಡಿಯ ಅನ್ಮೋಡ್ ಘಾಟಿನ್ಯಾಗ ಚೆಕ್‌ಪೋಸ್ಟ್ ಐತಿ, ಇದು ಮನ್ಯಾಗಿಂದ್ರೀ ಸರ ಅಂದ್ರ ಯಾರೂ ಕೇಳಂಗಿಲ್ಲ.