ಕನ್ನಡ ಮಾಧ್ಯಮದಿಂದ ಸೈನಿಕ ಶಾಲೆಯ ಒಂಬತ್ತನೇ ತರಗತಿಗೆ: ನನ್ನ ತಯಾರಿ

ಸೈನಿಕ ಶಾಲೆಗೆ ಪ್ರವೇಶ ಪರೀಕ್ಷೆ ಇರುವುದು ಎರಡು ತರಗತಿಗೆ ಮಾತ್ರ, ಆರಕ್ಕೆ ಮತ್ತು ಒಂಬತ್ತಕ್ಕೆ. ಆರನೇ ತರಗತಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಒಂಬತ್ತನೆಯದು ಇಂಗ್ಲಿಷಿನಲ್ಲಿ ಮಾತ್ರ. ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳು ಈ ಒಂದು ಸಾಲು ಓದಿಯೇ ಅರ್ಜಿಯನ್ನು ಬದಿಗಿಡುತ್ತಾರೆ. ದಯವಿಟ್ಟು ಇಡಬೇಡಿ. ನಾನು ಏಳನೇ ತರಗತಿ ಮುಗಿಯುವವರೆಗೂ ಗಣಿತ, ವಿಜ್ಞಾನವನ್ನೆಲ್ಲ ಕನ್ನಡದಲ್ಲೇ ಓದಿದವನು. ಎಂಟರಲ್ಲಿದ್ದಾಗ, 2023ರ ಜನವರಿ 8ರಂದು ಈ ಪರೀಕ್ಷೆ ಬರೆದೆ, ಸೀಟು ಸಿಕ್ಕಿತು. ಕೋಚಿಂಗ್ ಸೇರಲು ಮನೆಯಲ್ಲಿ ಅನುಕೂಲ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ನಮ್ಮ ಗಣಿತದ ಸರ್ ಕೊಡುತ್ತಿದ್ದ ಒಂದು ಗಂಟೆ, ಮನೆಯಲ್ಲಿ ಬೆಳಗಿನ ಓದು, ಇಷ್ಟರಲ್ಲೇ ಮಾಡಿದ್ದು.

ಮೊದಲು ಅಂಕಗಳ ಲೆಕ್ಕ ಅರ್ಥ ಮಾಡಿಕೊಳ್ಳಬೇಕು, ತಯಾರಿಯೆಲ್ಲ ಅದರ ಮೇಲೆಯೇ ನಿಂತಿದೆ. ಒಟ್ಟು 400 ಅಂಕ, 150 ಪ್ರಶ್ನೆ, 180 ನಿಮಿಷ. ಅದರಲ್ಲಿ ಗಣಿತವೇ 200 ಅಂಕ: 50 ಪ್ರಶ್ನೆ, ಒಂದೊಂದಕ್ಕೆ 4. ಬುದ್ಧಿಶಕ್ತಿ, ಇಂಗ್ಲಿಷ್, ವಿಜ್ಞಾನ, ಸಮಾಜ ವಿಜ್ಞಾನ ಈ ನಾಲ್ಕರಲ್ಲಿ ತಲಾ 25 ಪ್ರಶ್ನೆ, ಪ್ರತಿಯೊಂದಕ್ಕೂ 2 ಅಂಕ. ಅಂದರೆ ಸಮಾಜ ವಿಜ್ಞಾನದ 25 ಪ್ರಶ್ನೆಗೂ ಸರಿ ಉತ್ತರ ಬರೆದರೆ ಸಿಗುವ ಅಂಕ, ಗಣಿತದ 13 ಲೆಕ್ಕ ಬಿಡಿಸಿದರೆ ಬಂದುಬಿಡುತ್ತದೆ. ಹಾಗಂತ ಉಳಿದದ್ದನ್ನು ಬಿಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಬಿಟ್ಟು ಉಳಿದವರಿಗೆ ಪ್ರತಿ ವಿಭಾಗದಲ್ಲಿ 25%, ಒಟ್ಟಾರೆ 40% ಬರಲೇಬೇಕು ಎಂಬ ನಿಯಮವಿದೆ. ಆದರೆ ಆ 40% ನಂಬಿಕೊಂಡು ಕೂತರೆ ಆಗುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಖಾಲಿ ಸೀಟುಗಳೇ ಕಡಿಮೆ, ಪಟ್ಟಿ ಮೇಲಿನಿಂದ ತುಂಬುತ್ತಾ ಬರುತ್ತದೆ. ನನ್ನ ಓದಿನ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಗಣಿತಕ್ಕೇ ಹೋಯಿತು, ಈಗ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.

ಇಂಗ್ಲಿಷಿನ ಸಮಸ್ಯೆಗೆ ನಾನು ಮಾಡಿದ ಉಪಾಯ ಬಹಳ ಸರಳ. ನಮ್ಮ ರಾಜ್ಯದ ಪಠ್ಯಪುಸ್ತಕಗಳು ಇಂಗ್ಲಿಷ್ ಮಾಧ್ಯಮದಲ್ಲೂ ಅಚ್ಚಾಗುತ್ತವೆ, ಪಾಠ ಅದೇ, ಚಿತ್ರ ಅದೇ, ಅಭ್ಯಾಸದ ಲೆಕ್ಕವೂ ಅದೇ. ಪಕ್ಕದ ಊರಿನ ಅಣ್ಣನೊಬ್ಬನಿಂದ ಎಂಟನೇ ತರಗತಿಯ ಇಂಗ್ಲಿಷ್ ಪುಸ್ತಕ ಇಸಕೊಂಡೆ. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟು, ಪಾಠವನ್ನು ಕನ್ನಡದಲ್ಲಿ ಓದಿ, ಲೆಕ್ಕವನ್ನು ಇಂಗ್ಲಿಷ್ ಪುಸ್ತಕದಿಂದ ಮಾಡುತ್ತಿದ್ದೆ. ಸುತ್ತಳತೆ, ವಿಸ್ತೀರ್ಣ, ಲ.ಸಾ.ಅ., ಚಕ್ರಬಡ್ಡಿ ಇಂಥವಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂಬುದು ಒಂದೆರಡು ತಿಂಗಳಲ್ಲಿ ಬಾಯಿಗೆ ಬಂತು. ತೊಂದರೆ ಕೊಟ್ಟದ್ದು ಇವಲ್ಲ. ಅಟ್ ಲೀಸ್ಟ್ (ಕನಿಷ್ಠ), ಎಕ್ಸೀಡ್ಸ್ (ಮೀರುತ್ತದೆ), ಕನ್ಸೆಕ್ಯುಟಿವ್ (ಅನುಕ್ರಮ), ರೆಸ್ಪೆಕ್ಟಿವ್ಲಿ (ಕ್ರಮವಾಗಿ) ಎಂಬಂಥ ಸಣ್ಣ ಪದಗಳು. ಲೆಕ್ಕದ ದಿಕ್ಕನ್ನೇ ತಿರುಗಿಸುವುದು ಅವೇ. ಅವಕ್ಕೆಂದೇ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಪದದ ಕೆಳಗೆ ಅದು ಬಂದ ಲೆಕ್ಕವನ್ನೇ ಪೂರ್ತಿ ಬರೆಯುತ್ತಿದ್ದೆ.

ಒಂದು ಉದಾಹರಣೆ. ಮೂರು ಅನುಕ್ರಮ ಬೆಸ ಸಂಖ್ಯೆಗಳ ಮೊತ್ತ 57, ಅವುಗಳಲ್ಲಿ ದೊಡ್ಡದು ಯಾವುದು? 57ನ್ನು ಮೂರರಿಂದ ಭಾಗಿಸಿದರೆ 19. ಅದು ನಡುವಿನ ಸಂಖ್ಯೆ, ಆಚೀಚೆ 17 ಮತ್ತು 21. ಉತ್ತರ 21. ಆದರೆ ಆಯ್ಕೆಗಳಲ್ಲಿ 17, 19, 21 ಮೂರೂ ಇರುತ್ತವೆ. 19 ಬಂದ ಕೂಡಲೇ ಖುಷಿಯಲ್ಲಿ ಗುರುತು ಹಾಕಿದವರು ಲೆಕ್ಕ ಗೊತ್ತಿದ್ದೂ ನಾಲ್ಕು ಅಂಕ ಕಳೆದುಕೊಳ್ಳುತ್ತಾರೆ. ನಮ್ಮ ಸರ್ ಪೆನ್ನು ಹಿಡಿಯಲೂ ಬಿಡುತ್ತಿರಲಿಲ್ಲ. “ಲೆಕ್ಕ ಆಮ್ಯಾಲೆ ಮಾಡುವಂತಿ. ಅವ್ರು ಏನ್ ಕೇಳ್ಯಾರ, ಮೊದ್ಲ ಅದನ್ನ ಹೇಳು” ಅನ್ನುತ್ತಿದ್ದರು. ಏನು ಕೇಳಿದ್ದಾರೆಂದು ಹೇಳುವ ಪದದ ಕೆಳಗೆ ಗೆರೆ ಎಳೆದು, ಆಮೇಲೆ ಲೆಕ್ಕಕ್ಕೆ ಇಳಿಯುವ ಅಭ್ಯಾಸ ಬಂದದ್ದು ಅವರಿಂದ. ಇಂಗ್ಲಿಷ್ ಮಾಧ್ಯಮದವರ ಜೊತೆ ನಾನು ಸರಿಸಮನಾಗಿ ಕೂರಲು ಸಾಧ್ಯವಾದದ್ದು ಈ ಒಂದು ಅಭ್ಯಾಸದಿಂದಲೇ ಎಂದು ನನಗೆ ಖಾತ್ರಿಯಿದೆ.

ವೇಗಕ್ಕೆ 30ರವರೆಗಿನ ವರ್ಗ, 15ರವರೆಗಿನ ಘನ, ಭಿನ್ನರಾಶಿಗಳ ಶೇಕಡಾ ರೂಪ (ಎಂಟರಲ್ಲಿ ಒಂದು ಅಂದರೆ 12.5% ಎಂಬಂತೆ) ಬಾಯಿಪಾಠ ಮಾಡಿದೆ. ಅವ್ವ ರೊಟ್ಟಿ ತಟ್ಟುತ್ತಾ ಚೀಟಿ ನೋಡಿ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಅವಳು ಓದಿದ್ದು ನಾಲ್ಕನೇ ತರಗತಿ. ಉತ್ತರ ಚೀಟಿಯಲ್ಲಿ ಇರುತ್ತಿತ್ತಾದ್ದರಿಂದ ನಾನು ತಡವರಿಸಿದರೆ ಬಿಡುತ್ತಿರಲಿಲ್ಲ.

ಬುದ್ಧಿಶಕ್ತಿ ವಿಭಾಗ ಹೆದರಿಸುತ್ತದೆ, ಆದರೆ ಬೇಗ ಒಲಿಯುವುದೂ ಅದೇ. ಸಂಖ್ಯಾ ಸರಣಿ, ಸಂಕೇತ ಭಾಷೆ, ಕನ್ನಡಿ ಬಿಂಬ, ಗುಂಪಿಗೆ ಸೇರದ ಚಿತ್ರ, ರಕ್ತಸಂಬಂಧ, ದಿಕ್ಕು ಎಂದು ಬರುವ ಬಗೆಗಳು ಹೆಚ್ಚು ಕಡಿಮೆ ಇಷ್ಟೇ. 3, 7, 15, 31 ಆದ ಮೇಲೆ ಏನು ಎಂದರೆ, ಪ್ರತಿಯೊಂದೂ ಹಿಂದಿನದರ ಎರಡರಷ್ಟಕ್ಕೆ ಒಂದು ಹೆಚ್ಚು, ಆದ್ದರಿಂದ 63. ಅಕ್ಷರಗಳ ಪ್ರಶ್ನೆಗೆ ಇ 5, ಜೆ 10, ಓ 15, ಟಿ 20, ವೈ 25 ಎಂಬ ಐದನ್ನು ನೆನಪಿಟ್ಟರೆ ಸಾಕು, ಬೇರೆ ಅಕ್ಷರದ ಸ್ಥಾನ ಅದರಿಂದ ಹಿಂದೆ ಮುಂದೆ ಎಣಿಸಿದರೆ ಸಿಗುತ್ತದೆ. ವಿಜ್ಞಾನ, ಸಮಾಜಕ್ಕೆ ಎಂಟನೇ ತರಗತಿಯ ಪುಸ್ತಕವನ್ನೇ ಇಂಗ್ಲಿಷಿನಲ್ಲೂ ತಿರುವಿದೆ. ದಪ್ಪ ಗೈಡ್ ಬೇಕಾಗಲಿಲ್ಲ.

ಸರಿ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಓಎಂಆರ್ ಹಾಳೆಯನ್ನು ಮಾತ್ರ ಮೊದಲೇ ರೂಢಿಸಿಕೊಳ್ಳಬೇಕು. ಖಾಲಿ ಹಾಳೆಯ ಝೆರಾಕ್ಸ್ ಮಾಡಿಸಿ, ಭಾನುವಾರ ಬೆಳಿಗ್ಗೆ ಮೂರು ತಾಸು ಜಾಗ ಬಿಟ್ಟು ಏಳದೆ ಕೂತು ಹಳೆಯ ಪತ್ರಿಕೆ ಬಿಡಿಸುತ್ತಿದ್ದೆ. ತಲೆ ಚುರುಕಾಗಿರುವಾಗಲೇ ಗಣಿತ, ಅದಕ್ಕೆ ಹೆಚ್ಚೆಂದರೆ 100 ನಿಮಿಷ. ಉಳಿದ ನೂರು ಪ್ರಶ್ನೆಗೆ 80 ನಿಮಿಷ ಸಾಕಾಗುತ್ತದೆ, ಏಕೆಂದರೆ ಅವು ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಉತ್ತರಗಳನ್ನೆಲ್ಲ ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎನ್ನುವುದು ಅಪಾಯ. ಒಂದು ಸಾಲು ತಪ್ಪಿದರೆ ಕೆಳಗಿನದೆಲ್ಲ ತಪ್ಪು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು.

ಇದೇ ತಯಾರಿಯಲ್ಲಿ ನವೋದಯದ ಒಂಬತ್ತನೇ ತರಗತಿಯ ಪರೀಕ್ಷೆಯನ್ನೂ ಬರೆಯಬಹುದು. ನಾನೂ ಅರ್ಜಿ ಹಾಕಿದ್ದೆ. ಅಲ್ಲಿ 100 ಅಂಕ, ಎರಡೂವರೆ ಗಂಟೆ: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಆ ನವೋದಯ ಇರುವ ಜಿಲ್ಲೆಯ ಶಾಲೆಯಲ್ಲೇ ಎಂಟನೇ ತರಗತಿ ಓದುತ್ತಿರಬೇಕು. ನವೋದಯದಲ್ಲಿ ಊಟ, ವಸತಿ, ಶಿಕ್ಷಣ ಉಚಿತ. ಸೈನಿಕ ಶಾಲೆಯ ಶುಲ್ಕ ವರ್ಷಕ್ಕೆ ಲಕ್ಷ ದಾಟುತ್ತದೆ, ಪೋಷಕರ ಆದಾಯ ನೋಡಿ ವಿದ್ಯಾರ್ಥಿವೇತನ ಕೊಡುತ್ತಾರೆ. ಈ ಮಾತನ್ನು ಅರ್ಜಿ ಹಾಕುವ ಮೊದಲೇ ಮನೆಯಲ್ಲಿ ಕೂತು ಆಡಬೇಕು. ನಾವು ಆಡಿದೆವು. ಅಪ್ಪ ಒಂದು ರಾತ್ರಿ ಖರ್ಚನ್ನೆಲ್ಲ ಬರೆದು ನೋಡಿ ಒಪ್ಪಿದರು.

ದಾಖಲೆ ಕೆಲಸ ದೊಡ್ಡವರದ್ದು, ಆದರೆ ನೆನಪಿಸುವುದು ನಮ್ಮದು. ಸೈನಿಕ ಶಾಲೆಯ 67% ಸೀಟು ಶಾಲೆ ಇರುವ ರಾಜ್ಯದವರಿಗೆ, ಆದ್ದರಿಂದ ವಾಸಸ್ಥಳ ದೃಢೀಕರಣ ಪತ್ರ ಬೇಕೇ ಬೇಕು. ಅದರ ಜೊತೆ ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲಾತಿ ಮೂರರಲ್ಲೂ ಹೆಸರಿನ ಕಾಗುಣಿತ, ಹುಟ್ಟಿದ ತಾರೀಖು ಒಂದೇ ಇದೆಯೇ ನೋಡಿ. ಪ್ರವೇಶದ ವರ್ಷದ ಮಾರ್ಚ್ 31ಕ್ಕೆ ವಯಸ್ಸು 13ರಿಂದ 15ರ ಒಳಗಿರಬೇಕು.

ಬರೆಯುವ ಪರೀಕ್ಷೆಯಲ್ಲಿ ಗೆದ್ದರೂ ವೈದ್ಯಕೀಯ ಪರೀಕ್ಷೆ ಉಳಿದಿರುತ್ತದೆ. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿ, ಹಲ್ಲು, ಮಂಡಿ, ಪಾದ ಎಲ್ಲ ನೋಡುತ್ತಾರೆ. ನಾನು ಫಲಿತಾಂಶಕ್ಕೆ ಕಾಯದೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿಯ ಗುಗ್ಗೆ ತೆಗೆಸಿ, ಹುಳುಕು ಹಲ್ಲು ತುಂಬಿಸಿಕೊಂಡಿದ್ದೆ. ಸರಿಪಡಿಸಬಹುದಾದದ್ದನ್ನು ಮೊದಲೇ ಸರಿಪಡಿಸಿಕೊಂಡರೆ ಮತ್ತೆ ಮತ್ತೆ ಓಡಾಡುವುದು ತಪ್ಪುತ್ತದೆ.

ಹಾಸ್ಟೆಲ್ಲಿನ ಬದುಕಿಗೂ ಅದೇ ವರ್ಷ ತಯಾರಾದೆ. ಐದಕ್ಕೆ ಏಳುವುದು, ನನ್ನ ಬಟ್ಟೆ ನಾನೇ ಒಗೆಯುವುದು, ಗುಂಡಿ ಹೊಲಿಯುವುದು, ಬೂಟು ಪಾಲಿಶ್, ತಟ್ಟೆಗೆ ಬಂದದ್ದನ್ನು ಬಿಡದೆ ಉಣ್ಣುವುದು. ದಸರಾ ರಜೆಯಲ್ಲಿ ಸೋದರಮಾವನ ಮನೆಯಲ್ಲಿ ಒಬ್ಬನೇ ಇದ್ದು ಬಂದೆ. ಮನೆ ನೆನಪಾಗಿ ಅಳು ಬಂತು, ಎರಡನೇ ವಾರಕ್ಕೆ ಕಡಿಮೆಯಾಯಿತು. ಕಡಿಮೆಯಾಗುತ್ತದೆ ಎಂದು ಗೊತ್ತಿದ್ದದ್ದು ಹಾಸ್ಟೆಲ್ಲಿನ ಮೊದಲ ತಿಂಗಳಲ್ಲಿ ಬಹಳ ಉಪಕಾರಕ್ಕೆ ಬಂತು.

ಇನ್ನೊಂದು ಮಾತು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲವೆಂದು ಆಸೆ ಬಿಡಬೇಡಿ. ಕೆಲವರು ವೈದ್ಯಕೀಯ ಪರೀಕ್ಷೆಯಲ್ಲಿ ಅನರ್ಹರಾಗುತ್ತಾರೆ, ಕೆಲವರು ಬೇರೆಡೆ ಸೇರುತ್ತಾರೆ, ಆ ಸೀಟುಗಳು ಮುಂದಿನ ಪಟ್ಟಿಗೆ ಬರುತ್ತವೆ. ಆದರೆ ಸೀಟು ಖಚಿತವಾಗುವವರೆಗೂ ಹಳೆಯ ಶಾಲೆಯಿಂದ ಟಿಸಿ ತೆಗೆಸಬೇಡಿ.